ಆಯಾ ಹೇಳಿದ್ದನ್ನು ಕೇಳುವವರು ಯಾರು?

2024ರ ಮೇ ತಿಂಗಳಲ್ಲಿ ನಮ್ಮ ಊರಿನ ಖಾಸಗಿ ಆಸ್ಪತ್ರೆಯೊಂದರವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಮೇ 12 ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಅದನ್ನು ಎಲ್ಲ ಕಡೆ ದಾದಿಯರ ದಿನವೆಂದು ಆಚರಿಸುತ್ತಾರೆ. ನನಗೆ ವೈದ್ಯಕೀಯ ಗೊತ್ತಿದೆ ಎಂದು ಅವರು ಕರೆದದ್ದಲ್ಲ. ಬಿ.ಎ., ಬಿ.ಎಡ್. ಮಾಡಿಕೊಂಡು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ವಿಜ್ಞಾನ ಕಲಿಸುತ್ತ ಬಂದ ಮಾಸ್ತರಿಣಿ ನಾನು. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. 'ಟೀಚರ್, ನಮ್ಮ ಸ್ಟಾಫಿಗೆ ಟೀಮ್‌ವರ್ಕ್ ಬಗ್ಗೆ ಹದಿನೈದು ನಿಮಿಷ ಮಾತಾಡ್ರಿ' ಎಂದ. ಒಪ್ಪಿಕೊಂಡೆ. ಶಿಷ್ಯ ಕರೆದರೆ ಯಾವ ಮಾಸ್ತರಿಣಿ ಒಲ್ಲೆ ಎಂದಾಳು?

ಹೋಗಿ ನೋಡಿದರೆ ಸಭಾಂಗಣದ ತುಂಬ ಬಲೂನು. ವೇದಿಕೆಯ ಹಿಂದೆ 'ನಾವೆಲ್ಲ ಒಂದೇ ಕುಟುಂಬ' ಎಂಬ ದೊಡ್ಡ ಫಲಕ. ಬೆಂಗಳೂರಿನಿಂದ ಬಂದ ತರಬೇತುದಾರರೊಬ್ಬರು ಡಾಕ್ಟರುಗಳನ್ನೂ ದಾದಿಯರನ್ನೂ ಗುಂಪು ಮಾಡಿ ಕಾಗದದ ಲೋಟಗಳಿಂದ ಗೋಪುರ ಕಟ್ಟಿಸುತ್ತಿದ್ದರು. ಉಲ್ಲನ್ ಉಂಡೆಯನ್ನು ಒಬ್ಬರಿಂದೊಬ್ಬರಿಗೆ ಎಸೆದು 'ನೋಡಿ, ನಾವೆಲ್ಲ ಒಂದೇ ಬಲೆಯಲ್ಲಿದ್ದೇವೆ' ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅಷ್ಟರಲ್ಲಿ ಚಹಾ ಬಂತು. ತಂದವರು ನೀಲಿ ಸೀರೆಯುಟ್ಟ ನಾಲ್ಕು ಜನ ಹೆಂಗಸರು. ವಾರ್ಡಿನಲ್ಲಿ ಹಾಸಿಗೆ ಬದಲಿಸುವವರು, ರೋಗಿಯ ಮೈ ಒರೆಸುವವರು, ಮಲಮೂತ್ರ ಎತ್ತುವವರು. ಚಹಾ ಕೊಟ್ಟು ಬಾಗಿಲ ಬಳಿ ಹೋಗಿ ನಿಂತರು. ಅವರಿಗೆ ಕುರ್ಚಿ ಇರಲಿಲ್ಲ. 'ಇವರು ಆಟಕ್ಕೆ ಬರೂದಿಲ್ಲೇನಪಾ?' ಎಂದು ಶಿಷ್ಯನನ್ನು ಕೇಳಿದೆ. ಅವನು ಸಹಜವಾಗಿಯೇ ಹೇಳಿದ: 'ಇಲ್ರಿ ಟೀಚರ್, ಅವರು ನಮ್ಮ ಸ್ಟಾಫ್ ಅಲ್ಲ. ಏಜೆನ್ಸಿಯವರು.'

ಆಮೇಲೆ ನನ್ನ ಸರದಿ ಬಂತು. ಕಟ್ಟಿಗೆಯ ಹೊರೆಯನ್ನು ಮುರಿಯಲಾಗದ ಮಕ್ಕಳ ಕಥೆಯನ್ನು ಹೇಳಿದೆ. ಎಂಟನೆಯ ತರಗತಿಯ ಮಕ್ಕಳಿಗೆ ಹೇಳುವುದನ್ನೇ ಎಂ.ಡಿ. ಓದಿದವರಿಗೂ ಹೇಳಿ, ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ಬಾಗಿಲ ಬಳಿ ನಿಂತಿದ್ದ ಆ ನಾಲ್ವರ ಹಾಗೆಯೇ ನೀಲಿ ಸೀರೆಯುಟ್ಟ ಇನ್ನೊಬ್ಬಳು ಕಣ್ಣ ಮುಂದೆ ಬಂದು ನಿಂತಿದ್ದಳು. ಅವಳಿಗೆ ನಾನು ಋಣಿ. ಆ ಸಭೆಯಲ್ಲಿ ಆಡಬೇಕಾಗಿದ್ದ ಮಾತು ಅವಳದು. ಆಡದೆ ಬಂದೆ. ಈ ಬರಹ ಆ ತಪ್ಪಿಗೆ ನಾನು ಕಟ್ಟುತ್ತಿರುವ ದಂಡ ಎಂದು ಓದುಗರು ತಿಳಿದುಕೊಳ್ಳಬೇಕು.

2018ರಲ್ಲಿ ನನ್ನ ಅವ್ವನನ್ನು ಬೇರೊಂದು ಊರಿನ ಬೇರೊಂದು ಆಸ್ಪತ್ರೆಗೆ ಸೇರಿಸಿದ್ದೆವು. ಊರ ಹೆಸರಾಗಲಿ ಆಸ್ಪತ್ರೆಯ ಹೆಸರಾಗಲಿ ಇಲ್ಲಿ ಬೇಡ. ಅಲ್ಲಿ ನಡೆದದ್ದು ಎಲ್ಲಿ ಬೇಕಾದರೂ ನಡೆಯಬಹುದಾದದ್ದು. ಅವ್ವನಿಗೆ ಎಪ್ಪತ್ತೆಂಟು ವರ್ಷ, ಹಳೆಯ ಸಕ್ಕರೆ ಕಾಯಿಲೆ. ಕಾಲಿನ ಗಾಯ ಕೀವು ಹಿಡಿದಿತ್ತು. ಮರುದಿನ ಬೆಳಿಗ್ಗೆ ಅರಿವಳಿಕೆ ಕೊಟ್ಟು ಗಾಯ ಸ್ವಚ್ಛ ಮಾಡುತ್ತೇವೆ, ರಾತ್ರಿಯ ನಂತರ ಏನೂ ತಿನ್ನಿಸಬೇಡಿ ಎಂದು ಡಾಕ್ಟರು ಹೇಳಿ ಹೋದರು. ಹೊಟ್ಟೆ ಖಾಲಿ ಇರುವುದರಿಂದ ಬೆಳಗಿನ ಇನ್ಸುಲಿನ್ ಕೊಡಬೇಡಿ ಎಂದು ರಾತ್ರಿ ಪಾಳಿಯ ದಾದಿಗೂ ಬಾಯಿಮಾತಿನಲ್ಲಿ ಹೇಳಿದರು. ಆಕೆ ಒಂದು ಚೀಟಿಯ ಮೇಲೆ ಬರೆದು ಕಡತದ ಹಿಂಬದಿಗೆ ಸಿಕ್ಕಿಸಿದಳು. ಬೆಳಿಗ್ಗೆ ಪಾಳಿ ಬದಲಾಯಿತು. ಹೊಸ ದಾದಿ ಕಡತದ ಮುಂಭಾಗ ನೋಡಿದಳು. ಅಲ್ಲಿ ಏಳೂವರೆಗೆ ಇನ್ಸುಲಿನ್ ಎಂದಿತ್ತು. ಕೊಟ್ಟಳು. ಅವಳು ಸೋಮಾರಿಯಲ್ಲ, ಕೆಟ್ಟವಳೂ ಅಲ್ಲ. ಆ ವಾರ್ಡಿಗೆ ಇದ್ದವಳು ಅವಳೊಬ್ಬಳೇ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಬೇರೆ ತುರ್ತು ಕೆಲಸ ಬಂದು ಅವ್ವನ ಸರದಿ ಮುಂದಕ್ಕೆ ಹೋಯಿತು. ನನ್ನ ಕೈಗೆ ಔಷಧಿಯ ಚೀಟಿ ಕೊಟ್ಟು ಕೆಳಗಿನ ಅಂಗಡಿಗೆ ಕಳಿಸಿದರು.

ಹತ್ತು ಗಂಟೆಗೆ ಹಾಸಿಗೆ ಬದಲಿಸಲು ಬಂದ ಆಯಾ ನೋಡಿದಳು: ಹೊದಿಕೆಯೆಲ್ಲ ಬೆವರಿನಿಂದ ತೊಯ್ದು ಹೋಗಿದೆ, ಅವ್ವ ಕರೆದರೆ ಓ ಎನ್ನುತ್ತಿಲ್ಲ. ಹೋಗಿ ದಾದಿಗೆ, 'ಅಕ್ಕಾರ, ಮುದುಕಿ ಭಾಳ ಬೆವರಾಕತ್ಯಾಳ್ರಿ, ಮೈ ತಣ್ಣಗಾಗೇತಿ' ಎಂದಳು. 'ನಿನ್ನ ಕೆಲಸ ನೀ ನೋಡವಾ, ಬರ್ತೀನಿ' ಎಂಬ ಉತ್ತರ ಬಂತು. ಮತ್ತೆ ಹೋಗಿ ಹೇಳಿದಳು, ಮತ್ತೆ ಬೈಸಿಕೊಂಡಳು. ಮೂರನೆಯ ಸಲ ಅವಳು ದಾದಿಯ ಹತ್ತಿರ ಹೋಗಲೇ ಇಲ್ಲ. ಹೊರಗಿನ ಪಡಸಾಲೆಯಲ್ಲಿ ಬೇರೆ ರೋಗಿಯನ್ನು ನೋಡಲು ಹೊರಟಿದ್ದ ಡ್ಯೂಟಿ ಡಾಕ್ಟರನ್ನು ಅಡ್ಡಗಟ್ಟಿ, 'ಎಪ್ಪಾ, ಒಂದು ಸಲ ಬರ್ರಿ, ನನ್ನ ಕೆಲಸ ಹೋದರ ಹೋಗ್ಲಿ' ಎಂದು ಕರೆತಂದಳು. ನಾನು ಔಷಧಿಯ ಚೀಲ ಹಿಡಿದು ಮೇಲೆ ಬಂದಾಗ ಅವಳು ಅವ್ವನ ಅಂಗಾಲು ತಿಕ್ಕುತ್ತಿದ್ದಳು. ರಕ್ತದ ಸಕ್ಕರೆ ನೋಡಿದರೆ 31. ಎಪ್ಪತ್ತಕ್ಕಿಂತ ಇಳಿದರೇ ಅಪಾಯದ ಗಂಟೆ ಎಂದು ಆಮೇಲೆ ತಿಳಿದುಕೊಂಡೆ. ರಕ್ತನಾಳಕ್ಕೆ ಗ್ಲೂಕೋಸ್ ಏರಿಸಿದರು. ಸ್ವಲ್ಪ ಹೊತ್ತಿಗೆ ಅವ್ವ ಕಣ್ಣು ಬಿಟ್ಟಳು.

ಅವ್ವ ಮನೆಗೆ ಬಂದಳು, ಇನ್ನೂ ಮೂರು ವರ್ಷ ಇದ್ದಳು. ಆದರೆ ಕಿರಿಯ ಮೊಮ್ಮಗನ ಹೆಸರು ಮಾತ್ರ ಅವಳ ನಾಲಿಗೆಗೆ ಮತ್ತೆ ಬರಲಿಲ್ಲ. ವಯಸ್ಸಿನ ಮರೆವೋ ಆ ದಿನದ್ದೋ ಹೇಳಲಾರೆ, ಯಾರ ಮೇಲೂ ಹೊರಿಸಲಾರೆ. ನಾನು ಹೇಳಬೇಕಾಗಿರುವುದು ಮುಂದಿನದು. ಆಸ್ಪತ್ರೆಯಲ್ಲಿ ವಿಚಾರಣೆ ನಡೆಯಿತು. ಚೀಟಿ ಕಡತದ ಹಿಂದೆ ಏಕೆ ಹೋಯಿತು, ಒಬ್ಬಳೇ ದಾದಿಯ ಮೇಲೆ ಇಡೀ ವಾರ್ಡು ಏಕೆ ಬಿತ್ತು ಎಂದು ಯಾರೂ ಕೇಳಿದಂತೆ ನನಗೆ ತೋರಲಿಲ್ಲ. ಕೇಳಿದ್ದು, ಆಯಾ ನೇರವಾಗಿ ಡಾಕ್ಟರನ್ನು ಕರೆಯಲು ಅವಳಿಗೆ ಅಧಿಕಾರ ಕೊಟ್ಟವರು ಯಾರು ಎಂದು. ಮುಂದಿನ ತಿಂಗಳು ಅವಳ ಗುತ್ತಿಗೆ ನವೀಕರಣವಾಗಲಿಲ್ಲ. ಇದು ನನಗೆ ತಿಳಿದದ್ದು ಗಾಯಕ್ಕೆ ಪಟ್ಟಿ ಕಟ್ಟಿಸಲು ಅವ್ವನನ್ನು ಮತ್ತೆ ಕರೆದೊಯ್ದಾಗ. ಇನ್ನು ನನ್ನ ಸ್ವಂತ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಬಿಡುಗಡೆಯ ದಿನ ಅಭಿಪ್ರಾಯದ ಪುಸ್ತಕದಲ್ಲಿ ಒಂದು ಪುಟ ಬರೆದಿದ್ದೆ. ಚೆಂದದ ಕನ್ನಡದಲ್ಲಿ ಡಾಕ್ಟರಿಗೆ ಕೃತಜ್ಞತೆ ಸಲ್ಲಿಸಿದ್ದೆ. ಆಯಾಳ ಹೆಸರು ಬರೆಯಲಿಲ್ಲ. ಬರೆಯಲು ನನಗೆ ಅವಳ ಹೆಸರು ಗೊತ್ತಿರಲಿಲ್ಲ. ಹನ್ನೊಂದು ದಿನ ನನ್ನ ಅವ್ವನ ಮೈ ತೊಳೆದವಳ ಹೆಸರನ್ನು ನಾನು ಕೇಳಿರಲಿಲ್ಲ.

ಹೀಗಿರುವಾಗ ಬಲೂನು ಊದುವುದರಿಂದ, ಲೋಟದ ಗೋಪುರ ಕಟ್ಟುವುದರಿಂದ ಆಸ್ಪತ್ರೆಯಲ್ಲಿ ಒಗ್ಗಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಅವ್ವನ ವಾರ್ಡಿನಲ್ಲಿ ಜಗಳ ಇರಲಿಲ್ಲ. ಎಲ್ಲರೂ ನಗುನಗುತ್ತಲೇ ಮಾತಾಡುತ್ತಿದ್ದರು, ಹಬ್ಬದ ದಿನ ಒಟ್ಟಿಗೆ ಫೋಟೋ ತೆಗೆಸಿಕೊಂಡಿದ್ದರು. ಪ್ರೀತಿಗೆ ಅಲ್ಲಿ ಕೊರತೆ ಇರಲಿಲ್ಲ. ಗೊತ್ತಿರುವವಳ ಬಾಯಿಂದ ಮಾಡಬೇಕಾದವನ ಕಿವಿಗೆ ಮಾತು ಹೋಗುವ ದಾರಿ ಇರಲಿಲ್ಲ. ಆಸ್ಪತ್ರೆಯಲ್ಲಿ ಸಂಘಟಿತ ಕೆಲಸ ಎಂದರೆ ಈ ದಾರಿ, ಉಳಿದದ್ದು ಅಲಂಕಾರ. ಕೆಳಗಿನವರು ಕಂಡದ್ದನ್ನು ಹೆದರದೆ ಹೇಳಬಹುದೆ, ಹೇಳಿದರೆ ಮೇಲಿನವರು ನಿಂತು ಕೇಳುತ್ತಾರೆಯೆ, ಕೇಳಿದ ಮೇಲೆ ಹೇಳಿದವರ ಅನ್ನ ಉಳಿಯುತ್ತದೆಯೆ? ಈ ಮೂರು ಪ್ರಶ್ನೆಗೆ ಹೌದು ಎನ್ನಲಾಗದ ಆಸ್ಪತ್ರೆ 'ಒಂದೇ ಕುಟುಂಬ' ಎಂಬ ಫಲಕವನ್ನು ಇಳಿಸಿಬಿಡುವುದು ಒಳ್ಳೆಯದು. ಅಥವಾ ಇಟ್ಟುಕೊಳ್ಳಲಿ ಬಿಡಿ, ನಮ್ಮ ಕುಟುಂಬಗಳಲ್ಲಿ ಕೂಡ ಸೊಸೆಯ ಮಾತನ್ನು ಯಾರು ಕೇಳುತ್ತಾರೆ?

ಇದು ನಮ್ಮ ದೇಶದ ಬಡತನದ ಮಾತು, ಮುಂದುವರಿದ ದೇಶಗಳಲ್ಲಿ ಹೀಗಿಲ್ಲ ಎಂದು ಕೆಲವರು ಹೇಳಬಹುದು. ಹಾಗೇನೂ ಇಲ್ಲ. 2005ರ ಮಾರ್ಚಿನಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರಾಮಿಲಿ ಎಂಬ ತಾಯಿ ಮೂಗಿನ ಒಳಗಿನ ಸಣ್ಣ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಮುಚ್ಚಿಕೊಂಡಿತು. ಒಳಗೆ ಅನುಭವಿ ತಜ್ಞರಿದ್ದರು. ಅವರು ಗಂಟಲೊಳಗೆ ನಳಿಕೆ ಇಳಿಸುವ ಪ್ರಯತ್ನವನ್ನೇ ಮತ್ತೆ ಮತ್ತೆ ಮಾಡುತ್ತ ಹೋದರು. ಆಮ್ಲಜನಕವಿಲ್ಲದೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಳೆದುಹೋಯಿತು. ಅಲ್ಲಿದ್ದ ದಾದಿಯೊಬ್ಬರು ಕೊರಳು ಸೀಳಿ ಉಸಿರಾಟಕ್ಕೆ ದಾರಿ ಮಾಡುವ ಸಲಕರಣೆಯನ್ನು ತಂದು ಸಿದ್ಧವಾಗಿದೆ ಎಂದರು. ಇನ್ನೊಬ್ಬರು ತೀವ್ರ ನಿಗಾ ಘಟಕಕ್ಕೆ ಫೋನು ಮಾಡಿ ಹಾಸಿಗೆ ಕಾದಿರಿಸಿದರು. ತಜ್ಞರು ಅವರತ್ತ ನೋಡಿದ ನೋಟಕ್ಕೆ ಅಂಜಿ, ಅತಿಯಾಯಿತೇನೋ ಎಂದುಕೊಂಡು ಆ ಹಾಸಿಗೆ ಬೇಡವೆಂದು ತಿಳಿಸಿಬಿಟ್ಟರು. ಏನು ಮಾಡಬೇಕೆಂದು ದಾದಿಯರಿಗೆ ತಿಳಿದಿತ್ತು, ಅದನ್ನು ದೊಡ್ಡವರ ತಲೆಗೆ ಹಾಕುವುದು ಹೇಗೆಂದು ತಿಳಿದಿರಲಿಲ್ಲ. ಹದಿಮೂರು ದಿನದ ನಂತರ ಎಲೇನ್ ತೀರಿಕೊಂಡರು.

ಅವರ ಗಂಡ ಮಾರ್ಟಿನ್ ಬ್ರಾಮಿಲಿ ವಿಮಾನ ಚಾಲಕರು. ಅವರು ಯಾರ ಕೊರಳುಪಟ್ಟಿಯನ್ನೂ ಹಿಡಿಯಲಿಲ್ಲ. 'ವಿಮಾನ ಬಿದ್ದರೆ ಏಕೆ ಬಿತ್ತು ಎಂದು ನಾವು ಹುಡುಕುತ್ತೇವಲ್ಲ, ಹಾಗೆ ಇಲ್ಲಿ ಹುಡುಕುವುದಿಲ್ಲವೆ?' ಎಂಬರ್ಥದ ಪ್ರಶ್ನೆ ಹಾಕಿದರು; ಮುಂದೆ 2007ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು. ವಿಮಾನದವರು ಈ ಪಾಠವನ್ನು ಕಲಿತದ್ದು ಬಹಳ ದೊಡ್ಡ ಬೆಲೆ ತೆತ್ತು. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ನಿಲ್ದಾಣದಲ್ಲಿ ಎರಡು ವಿಮಾನಗಳು ನೆಲದ ಮೇಲೆಯೇ ಡಿಕ್ಕಿ ಹೊಡೆದು 583 ಜನ ಸತ್ತರು. ಓಡುತ್ತಿದ್ದ ವಿಮಾನದ ಎಂಜಿನಿಯರು, ಎದುರಿನ ವಿಮಾನ ದಾರಿ ಬಿಟ್ಟಿದೆಯೆ ಎಂಬ ಸಂಶಯವನ್ನು ಬಾಯಿಬಿಟ್ಟು ಆಡಿದ್ದ. ಹಿರಿಯ ಕ್ಯಾಪ್ಟನ್ ಅದನ್ನು ತಳ್ಳಿಹಾಕಿ ಮುಂದೆ ನುಗ್ಗಿದರು. ಅಲ್ಲಿಂದಾಚೆಗೆ ಕಿರಿಯರು ಗಟ್ಟಿಯಾಗಿ ಹೇಳುವುದನ್ನೂ ಹಿರಿಯರು ನಿಂತು ಕೇಳುವುದನ್ನೂ ಚಾಲಕರಿಗೆ ಪಾಠ ಮಾಡಿ ಕಲಿಸತೊಡಗಿದರು. ಮಾತಾಡುವ ಧೈರ್ಯವೂ ಕೇಳುವ ತಾಳ್ಮೆಯೂ ಹುಟ್ಟುಗುಣವೆಂದು ಅವರು ಕೈಕಟ್ಟಿ ಕೂರಲಿಲ್ಲ. ಶಾಲೆಯಲ್ಲಿ ಮಗ್ಗಿ ಕಲಿಸಿದ ಹಾಗೆ ಕಲಿಸಿದರು.

ಆಸ್ಪತ್ರೆಗಳೂ ಪೂರ್ತಿ ಕಲಿತಿಲ್ಲವೆಂದಲ್ಲ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆ ಹತ್ತೊಂಬತ್ತು ಅಂಶಗಳ ಒಂದು ಪಟ್ಟಿಯನ್ನು ಹೊರತಂದಿತು. ಅರಿವಳಿಕೆಗೆ ಮೊದಲು, ಚರ್ಮ ಕೊಯ್ಯುವುದಕ್ಕೆ ಮೊದಲು, ರೋಗಿಯನ್ನು ಹೊರಗೆ ಒಯ್ಯುವುದಕ್ಕೆ ಮೊದಲು, ಹೀಗೆ ಮೂರು ಸಲ ಎಲ್ಲರೂ ಕೈ ನಿಲ್ಲಿಸಿ ಬಾಯಿಬಿಟ್ಟು ಓದಿ ನೋಡಬೇಕು. ಅದರಲ್ಲಿ ನನಗೆ ಬಹಳ ಹಿಡಿಸಿದ ಅಂಶವೆಂದರೆ, ಕೊಯ್ಯುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಬೇಕು ಎನ್ನುವುದು. ಹೆಸರು ಹೇಳುವುದರಿಂದ ಏನಾದೀತು ಎನ್ನಬೇಡಿ. ತರಗತಿಯಲ್ಲಿ ಮೊದಲ ದಿನ ಒಂದು ಸಲ ಎದ್ದು ನಿಂತು ಹೆಸರು ಹೇಳಿದ ಮಗು ಮರುದಿನ ಪ್ರಶ್ನೆಯನ್ನೂ ಕೇಳುತ್ತದೆ. ಬಾಯಿ ಬಿಡದ ಮಗು ವರ್ಷವಿಡೀ ಬಿಡುವುದಿಲ್ಲ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಈ ಪಟ್ಟಿಯನ್ನು ಪರೀಕ್ಷಿಸಿದರು. ಡಾ. ಅತುಲ್ ಗವಾಂಡೆಯವರ ತಂಡ 2009ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರದ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು, ತೊಡಕುಗಳು 11ರಿಂದ 7ಕ್ಕೆ ಇಳಿದವು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಒಂದು ಹಾಳೆ, ಅದನ್ನು ಹಿಡಿದು ಒಬ್ಬರಿಗೊಬ್ಬರು ಆಡಿದ ನಾಲ್ಕು ಮಾತು, ಅಷ್ಟೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಡಾ. ಪೀಟರ್ ಪ್ರೊನೊವೋಸ್ಟ್ ಇನ್ನೂ ಮುಂದೆ ಹೋದರು. ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಕೈ ತೊಳೆಯುವುದೇ ಮೊದಲಾದ ಐದಾರು ನಿಯಮಗಳಲ್ಲಿ ಡಾಕ್ಟರು ಒಂದನ್ನು ಬಿಟ್ಟರೂ ಅವರನ್ನು ತಡೆದು ನಿಲ್ಲಿಸುವ ಅಧಿಕಾರವನ್ನು ದಾದಿಗೆ ಕೊಟ್ಟರು. ಆಡಳಿತದವರು ದಾದಿಯ ಬೆನ್ನಿಗೆ ನಿಂತರು. ಆಮೇಲೆ ಮಿಶಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರ ನಿಗಾ ಘಟಕಗಳಲ್ಲಿ ಇದನ್ನೇ ಮಾಡಿದಾಗ ಆ ನಳಿಕೆಗಳಿಂದ ರಕ್ತಕ್ಕೆ ಸೋಂಕು ತಗಲುವುದು ಮೂರರಲ್ಲಿ ಎರಡು ಪಾಲಿನವರೆಗೆ ಕಡಿಮೆಯಾಯಿತು ಎಂದು 2006ರಲ್ಲಿ ಪ್ರಕಟವಾಯಿತು. ದಾದಿ ಡಾಕ್ಟರನ್ನು ತಡೆದಳೆಂದು ಅಲ್ಲಿ ಆಕಾಶ ಕಳಚಿ ಬೀಳಲಿಲ್ಲ.

ಹಾಗಾದರೆ ಎಲ್ಲ ಕಡೆ ಒಂದೊಂದು ಪಟ್ಟಿ ಅಚ್ಚು ಹಾಕಿಸಿ ಹಂಚಿಬಿಟ್ಟರೆ ಮುಗಿಯಿತಲ್ಲ ಎಂದು ನಮ್ಮ ಅಧಿಕಾರಿಗಳು ಕೂಡಲೇ ಹೇಳುತ್ತಾರೆ. ಇಲ್ಲಿಯೇ ನಾನು ಅವರ ಕೈ ಹಿಡಿಯಬೇಕಾಗಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಆಸ್ಪತ್ರೆಗಳೆಲ್ಲ ಅದೇ ಪಟ್ಟಿಯನ್ನು ಬಳಸಲೇಬೇಕೆಂದು ಮಾಡಿದರು. 101 ಆಸ್ಪತ್ರೆಗಳ ಲೆಕ್ಕ 2014ರಲ್ಲಿ ಹೊರಬಂದಾಗ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಹೆರಿಗೆಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಪಟ್ಟಿಯ ಕಥೆಯೂ ಹೀಗೆಯೇ. ಅದನ್ನು 2010ರಲ್ಲಿ ಮೊದಲು ಪ್ರಯೋಗಿಸಿದ್ದು ನಮ್ಮ ಕರ್ನಾಟಕದ ಒಂದು ಆಸ್ಪತ್ರೆಯಲ್ಲಿಯೇ. ಪ್ರತಿ ಹೆರಿಗೆಗೆ ಮಾಡಬೇಕಾದ 29 ಕ್ರಮಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದದ್ದು 25ಕ್ಕೆ ಏರಿತು. ಮುಂದೆ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಪಟ್ಟಿ ಕೊಟ್ಟು, ಜೊತೆಗೆ ತರಬೇತುದಾರರನ್ನೂ ಕಳಿಸಿದ ಕೇಂದ್ರಗಳಲ್ಲಿ ಕ್ರಮಗಳೇನೋ ಸುಧಾರಿಸಿದವು. ಆದರೆ 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ತಾಯಿ ಮಕ್ಕಳ ಸಾವು ಕಡಿಮೆಯಾಗಿರಲಿಲ್ಲ. ತರಬೇತುದಾರರು ಹಿಂದೆ ಸರಿದಂತೆ ಸುಧಾರಿಸಿದ್ದೂ ಅಷ್ಟಷ್ಟು ಕುಸಿಯಿತು.

ಸಾವು ಇಳಿಯದಿರಲು ಕಾರಣ ಒಂದೇ ಇರಲಾರದು; ಔಷಧಿ ಬೇಕು, ರಕ್ತ ಬೇಕು, ಕೈಚಳಕ ಬೇಕು, ಸಮಯಕ್ಕೆ ದೊಡ್ಡ ಆಸ್ಪತ್ರೆಗೆ ಮುಟ್ಟಿಸುವ ಗಾಡಿ ಬೇಕು. ಆದರೆ ಮೂವತ್ತು ವರ್ಷ ಸರಕಾರಿ ನಮೂನೆಗಳನ್ನು ತುಂಬಿದ ನನಗೆ ಒಂದು ಮಾತು ಚೆನ್ನಾಗಿ ಗೊತ್ತು. ಯಾವ ಪಟ್ಟಿಯನ್ನೂ ಓದದೆ ಗುರುತು ಹಾಕಬಹುದು. ಶೌಚಾಲಯ ಸ್ವಚ್ಛವಿದೆ, ಹೌದು. ಮಕ್ಕಳು ಗುಂಪಿನಲ್ಲಿ ಕಲಿಯುತ್ತಿದ್ದಾರೆ, ಹೌದು. ಕೊನೆಯಲ್ಲಿ ಸಹಿ. ಮೇಲಿನಿಂದ ಬಂದ ಹಾಳೆಯನ್ನು ತುಂಬಿ ಮೇಲಕ್ಕೇ ಕಳಿಸುವ ಕಲೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಎಂಟು ನಗರಗಳಲ್ಲಿ ಹಾಳೆಯ ನೆಪದಲ್ಲಿ ಜನ ಮಾತಾಡಿದರು. ಮಾತಿನ ಜಾಗದಲ್ಲಿ ಸಹಿ ಬಂದು ಕೂತರೆ ಹಾಳೆ ಮತ್ತೆ ಹಾಳೆಯೇ.

ಇನ್ನು ನನ್ನ ಮೇಲೆ ಬರುವ ಆಕ್ಷೇಪಣೆಗಳನ್ನು ನೋಡೋಣ. ಮೊದಲನೆಯದು: 'ಎಲ್ಲರೂ ಮಾತಾಡಿದರೆ ತೀರ್ಮಾನ ಮಾಡುವವರು ಯಾರು? ಹತ್ತು ವರ್ಷ ಓದಿದ ಡಾಕ್ಟರೂ ಏಳನೆಯ ತರಗತಿ ಓದಿದ ಆಯಾಳೂ ಒಂದೇ ಏನು?' ಒಂದೇ ಎಂದು ನಾನು ಹೇಳುತ್ತಿಲ್ಲ. ತೀರ್ಮಾನ ಓದಿದವರದೇ ಇರಲಿ. ಆದರೆ ಕಂಡದ್ದನ್ನು ಹೇಳುವುದಕ್ಕೆ ಪದವಿ ಬೇಕಿಲ್ಲ. ದಿನಕ್ಕೆ ಐದು ನಿಮಿಷ ರೋಗಿಯನ್ನು ನೋಡುವವರು ಡಾಕ್ಟರು. ಊಟದ ತಟ್ಟೆ ಖಾಲಿಯಾಯಿತೋ ಹಾಗೆಯೇ ಹೋಯಿತೋ, ಮೂತ್ರದ ಬಣ್ಣ ಹೇಗಿತ್ತು, ರಾತ್ರಿ ಯಾರ ಹೆಸರು ಹಿಡಿದು ಕನವರಿಸಿದರು ಎಂಬುದೆಲ್ಲ ಆಯಾಳಿಗೆ ಗೊತ್ತು. ಇಷ್ಟು ಗೊತ್ತಿರುವವಳನ್ನು ಒಂದು ಮಾತೂ ಕೇಳದೆ ಇರುವುದು ಓದಿನ ಹೆಮ್ಮೆಯಲ್ಲ, ಓದಿನ ದಂಡ. ವೈದ್ಯರನ್ನು ನಾರಾಯಣನೆಂದು ಕರೆದು ಕರೆದು ನಾವೇ ಅವರನ್ನು ಕೆಡಿಸಿದ್ದೇವೆ. ದೇವರಿಗೆ ಯಾರೂ ತಪ್ಪು ತೋರಿಸಲಾರರು. ಮನುಷ್ಯರಿಗೆ ತೋರಿಸಬಹುದು.

ಎರಡನೆಯದು ಹೆಚ್ಚು ತೂಕದ ಮಾತು: 'ತಪ್ಪಾಯಿತೆಂದು ಒಪ್ಪಿಕೊಂಡರೆ ರೋಗಿಯ ಕಡೆಯವರು ಕೈ ಮಾಡುತ್ತಾರೆ, ಗಾಜು ಒಡೆಯುತ್ತಾರೆ.' ಇದು ಸುಳ್ಳಲ್ಲ. ಹಾಗೆ ಹಲ್ಲೆ ನಡೆಯುತ್ತಿದ್ದುದರಿಂದಲೇ ನಮ್ಮ ರಾಜ್ಯದಲ್ಲಿ 2009ರಲ್ಲಿ ಅದನ್ನು ತಡೆಯುವ ಕಾಯಿದೆ ಮಾಡಬೇಕಾಯಿತು. ಹೊಡೆಯುವವರ ಮುಂದೆ ಯಾರೂ ನಿಜ ಹೇಳಲಾರರು, ನಿಜ ಹೇಳದ ಕಡೆ ಯಾವ ತಪ್ಪೂ ತಿದ್ದುಪಡಿಯಾಗದು. ಹಾಗಾಗಿ ರೋಗಿಗಳ ಬಂಧುಗಳಾದ ನಮ್ಮ ಪಾಲಿನ ತಪ್ಪೂ ಇದರಲ್ಲಿದೆ. ಆದರೆ ಹೊರಗಿನವರ ಕಲ್ಲಿಗೆ ಹೆದರಿ ಒಳಗಿನವರ ಬಾಯಿ ಕಟ್ಟುವುದು ಯಾವ ನ್ಯಾಯ? ಅವ್ವನ ವಾರ್ಡಿನಲ್ಲಿ ಆಯಾ ಸುಮ್ಮನಿದ್ದಿದ್ದರೆ ಆ ಆಸ್ಪತ್ರೆಗೆ ಒಳ್ಳೆಯದಾಗುತ್ತಿತ್ತೆ?

ಮೂರನೆಯದು: 'ನಿಮ್ಮ ಮಾತು ಪುಸ್ತಕದ್ದು, ನಮ್ಮ ಹಳ್ಳಿ ಜನರಿಂದ ಇದಾಗದು.' ಇದಕ್ಕೆ ಉತ್ತರ ಮಧುರೆಯಲ್ಲಿದೆ. ಡಾ. ಗೋವಿಂದಪ್ಪ ವೆಂಕಟಸ್ವಾಮಿಯವರು ಸರಕಾರಿ ಕೆಲಸದಿಂದ ನಿವೃತ್ತರಾದ ಮೇಲೆ 1976ರಲ್ಲಿ ಹನ್ನೊಂದು ಹಾಸಿಗೆಯ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ತೆರೆದರು. ಅಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳನ್ನು ಆರಿಸಿ ಎರಡು ವರ್ಷ ತರಬೇತಿ ಕೊಡುತ್ತಾರೆ. ಕಣ್ಣಿನ ಅಳತೆ, ಪರೀಕ್ಷೆ, ಶಸ್ತ್ರಚಿಕಿತ್ಸೆಗೆ ರೋಗಿಯನ್ನು ಸಿದ್ಧ ಮಾಡುವುದು, ಇವೆಲ್ಲ ಅವರ ಕೆಲಸ. ಡಾಕ್ಟರು ಒಂದು ಮೇಜಿನ ಮೇಲಿನ ಕಣ್ಣು ಮುಗಿಸುವಷ್ಟರಲ್ಲಿ ಪಕ್ಕದ ಮೇಜಿನ ರೋಗಿ ಸಿದ್ಧ. ಬೇರೆ ಕಡೆ ಒಬ್ಬ ಶಸ್ತ್ರವೈದ್ಯ ವರ್ಷಕ್ಕೆ ಕೆಲವು ನೂರು ಶಸ್ತ್ರಚಿಕಿತ್ಸೆ ಮಾಡಿದರೆ ಅಲ್ಲಿ ಸುಮಾರು ಎರಡು ಸಾವಿರ. ಹಳ್ಳಿ ಹುಡುಗಿಯರ ಮೇಲೆ ಕೆಲಸವನ್ನೂ ಅದರ ಹೊಣೆಯನ್ನೂ ನಂಬಿ ಹೊರಿಸಿದ್ದರಿಂದ ಇದು ಸಾಧ್ಯವಾಯಿತು. ಅವರ ಕೈಯಲ್ಲಿ ಚಹಾದ ತಟ್ಟೆ ಕೊಟ್ಟು ಬಾಗಿಲ ಬಳಿ ನಿಲ್ಲಿಸಿದ್ದರೆ ಆಗುತ್ತಿರಲಿಲ್ಲ.

ಇಷ್ಟೆಲ್ಲ ಬರೆಯುವ ನಾನು ಸಾಚಾ ಎಂದು ಓದುಗರು ತಿಳಿಯಬಾರದು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, 'ಟೀಚರ್, ಎಂಟನೇತ್ತಾದ ಆ ಹುಡುಗಿ ನಾಕು ದಿನಾತು ತಾಟ ಹಂಗ ಬಿಡ್ತಾಳ್ರಿ, ಕೆಮ್ಮತಾಳ್ರಿ' ಎಂದಳು. ನಾನು ಪರೀಕ್ಷೆಯ ಅಂಕ ಕೂಡಿಸುತ್ತಿದ್ದೆ. 'ನೀವು ಸಾರು ಸರಿಯಾಗಿ ಮಾಡ್ರಿ, ಹುಡುಗರ ವಿಷಯ ನಾವು ನೋಡ್ಕೋತೀವಿ' ಎಂದೆ. ಎರಡು ತಿಂಗಳ ಮೇಲೆ ಆ ಹುಡುಗಿಗೆ ಕ್ಷಯ ಎಂದು ಗೊತ್ತಾಯಿತು. ಔಷಧಿಯಿಂದ ಗುಣವಾಯಿತು, ದೇವರ ದಯೆ. ಆದರೆ ಅವಳ ಪಕ್ಕ ಎರಡು ತಿಂಗಳು ಕೂತಿದ್ದ ಮಕ್ಕಳನ್ನು ನೆನೆದರೆ ಇಂದಿಗೂ ಎದೆ ಹಾರುತ್ತದೆ. ಅವ್ವನ ವಾರ್ಡಿನ ದಾದಿ ಆಯಾಳಿಗೆ ಅಂದ ಮಾತಿಗೂ ನಾನು ಅಡುಗೆಯಮ್ಮನಿಗೆ ಅಂದ ಮಾತಿಗೂ ಏನು ವ್ಯತ್ಯಾಸ? ಆ ದಾದಿಯನ್ನು ನಾನು ಬೈಯಲಾರದೆ ಹೋದದ್ದು ಇದಕ್ಕೇ.

ಬರೀ ಬೈದರೆ ಸಾಲದು, ಏನು ಮಾಡಬೇಕೆಂದು ಹೇಳಬೇಕು. ನಾನು ಕೇಳುವುದು ಹೆಚ್ಚೇನಿಲ್ಲ. ಪಾಳಿ ಬದಲಾಗುವಾಗ ಹೋಗುವ ದಾದಿಯೂ ಬರುವ ದಾದಿಯೂ ರೋಗಿಯ ಹಾಸಿಗೆಯ ಬಳಿಯೇ ನಿಂತು ವಿಷಯ ಹಸ್ತಾಂತರಿಸಲಿ. ಆ ವಾರ್ಡಿನ ಆಯಾಳೂ ಅಲ್ಲಿರಲಿ, ಕೊನೆಗೆ 'ನೀ ಏನರ ನೋಡೀಯೇನವಾ?' ಎಂದು ಅವಳನ್ನೂ ಕೇಳಲಿ. ಡಾಕ್ಟರು ಬಾಯಿಂದ ಹೇಳಿದ್ದನ್ನು ಕೇಳಿದವರು ತಿರುಗಿ ಒಪ್ಪಿಸಲಿ. ನಾವು ಮಕ್ಕಳಿಂದ ಪಾಠ ಒಪ್ಪಿಸಿಕೊಳ್ಳುವುದಿಲ್ಲವೆ? ಹಾಗೆಯೇ. ಅವಸರದಲ್ಲಿ ಯಾರು ಯಾರನ್ನು ನೇರವಾಗಿ ಕರೆಯಬಹುದೆಂದು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಲಿ: ಯಾರು ಬೇಕಾದರೂ, ಯಾರನ್ನು ಬೇಕಾದರೂ. ಎಚ್ಚರಿಸಿದವರ ಎಚ್ಚರಿಕೆ ಸುಳ್ಳಾದರೂ ಅವರಿಗೆ ಶಿಕ್ಷೆಯಾಗಬಾರದು; ಹತ್ತು ಸಲ ಸುಮ್ಮನೆ ಓಡಿಬಂದ ಡಾಕ್ಟರಿಗೆ ಆಗುವ ನಷ್ಟ ಹತ್ತು ನಿಮಿಷ. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯ ಮೈ ಮುಟ್ಟುವ ಕೆಲಸವನ್ನು ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆಗೆ ಕೊಟ್ಟು, ದಾದಿಯರ ಸಂಖ್ಯೆಯನ್ನು ಕಡಿತ ಮಾಡಿ, ಉಳಿದ ದುಡ್ಡಿನಲ್ಲಿ ಬಲೂನು ತರುವುದು ನಿಲ್ಲಲಿ. ನಾಳೆ ಕೆಲಸ ಇದೆಯೋ ಇಲ್ಲವೋ ಎನ್ನುವವಳು ಇಂದು ಬಾಯಿ ಬಿಟ್ಟಾಳು ಎಂದು ನಿರೀಕ್ಷಿಸುವುದು ತಪ್ಪು. ನನ್ನ ಅವ್ವನ ಆಯಾ ಬಿಟ್ಟಳು. ಎಲ್ಲರೂ ಅವಳಂತೆ ಇರಬೇಕೆಂದು ಕೇಳುವ ಹಕ್ಕು ನಮಗಿಲ್ಲ. ಅಷ್ಟು ಧೈರ್ಯ ಬೇಕಾಗದಂಥ ವ್ಯವಸ್ಥೆಯನ್ನು ಮಾಡುವುದು ಆಡಳಿತದವರ ಕೆಲಸ.

ಅವ್ವ ತೀರಿಕೊಂಡ ವರ್ಷ ಆ ಊರಿಗೆ ಹೋಗಿ ಅವಳನ್ನು ಹುಡುಕಿದೆ. ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದಳು. ನನಗೆ ಅವಳ ಗುರುತು ಹತ್ತುವ ಮೊದಲೇ ಅವಳಿಗೆ ನನ್ನ ಗುರುತು ಹತ್ತಿತು, 'ಅಮ್ಮಾರು ಹೆಂಗದಾರ್ರಿ?' ಎಂದಳು. ಹೇಳಿದೆ. ಆಗ ಕೊನೆಗೂ ಹೆಸರು ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳು ಬೇಡವೆಂದಳು, ಬೇರೆ ಆಸ್ಪತ್ರೆಯಲ್ಲಿ ಕೆಲಸ ಕೇಳಿದ್ದಾಳಂತೆ.

ನನ್ನ ಶಿಷ್ಯ ಇದನ್ನು ಓದಿದರೆ ಬೇಸರ ಮಾಡಿಕೊಳ್ಳಬಾರದು. ಮತ್ತೊಂದು ಮೇ 12ಕ್ಕೆ ಕರೆದರೆ ಖಂಡಿತ ಬರುತ್ತೇನೆ. ಶಾಲು ಬೇಡ, ಹಣ್ಣಿನ ಬುಟ್ಟಿ ಬೇಡ. ಚಹಾ ತರುವ ನಾಲ್ವರಿಗೆ ಮುಂದಿನ ಸಾಲಿನಲ್ಲಿ ನಾಲ್ಕು ಕುರ್ಚಿ ಹಾಕಿಸಿರಬೇಕು. ನನಗೆ ಕೊಟ್ಟ ಹದಿನೈದು ನಿಮಿಷವನ್ನು ಅವರಿಗೆ ಬಿಟ್ಟುಕೊಡುತ್ತೇನೆ. ಡಾಕ್ಟರುಗಳ ಜೊತೆ ಕೂತು ನಾನೂ ಕೇಳುತ್ತೇನೆ.